ಹಿತ್ತಿಲ ಗೋಡೆಗೆ ಮೂರು ತೂತು

ಅತ್ತೆ ಹಿತ್ತಿಲ ಮೆಟ್ಟಿಲಲ್ಲಿ ಜಾರಿ ಬಿದ್ದು ಮಂಡಿಚಿಪ್ಪು ಒಡೆದುಕೊಂಡ ಮೇಲೆ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕಕ್ಕಸು ಮನೆಯೊಳಗೇ ಆಗಬೇಕು. ಹಳೆಯದು ಹಿತ್ತಿಲ ತುದಿಯಲ್ಲಿತ್ತು. ನಾಲ್ಕು ಮೆಟ್ಟಿಲು ಇಳಿದು, ಬಟ್ಟೆ ಒಗೆಯುವ ಕಲ್ಲು ದಾಟಿ, ನಲವತ್ತು ಹೆಜ್ಜೆ ನಡೆಯಬೇಕು. ಆಸ್ಪತ್ರೆಯಿಂದ ಬಂದ ಅತ್ತೆಗೆ ಮಂಚದಿಂದ ಹಿತ್ತಿಲ ಬಾಗಿಲಿಗೆ ಬರುವಷ್ಟರಲ್ಲೇ ಹಣೆಯಲ್ಲಿ ಬೆವರು ಒಡೆಯುತ್ತಿತ್ತು.

ಸೊಸೆಗೆ ಬೀದಿಯ ಮೂಲೆಯಲ್ಲಿ ಚಿಕ್ಕದೊಂದು ಹೊಲಿಗೆ ಅಂಗಡಿ. ಶಾಲೆ ತೆರೆಯುವ ಕಾಲ, ಯೂನಿಫಾರಂ ಬಟ್ಟೆ ಸೊಂಟದೆತ್ತರ ಬಿದ್ದಿತ್ತು. ಕಾಲರಿನ ಅರ್ಧಕ್ಕೆ ಸೂಜಿ ಬಂದಿರುವಾಗ ಮಗಳು ಪುಟ್ಟಿ ಓಡಿ ಬರುತ್ತಿದ್ದಳು. "ಅಮ್ಮಾ, ಅಜ್ಜಿ ಎದ್ದು ಕೂತಿದ್ದಾರೆ. ಬೇಗ ಬಾ." ಮಿಷನ್ ಬಿಟ್ಟು ಓಡಬೇಕು. ತಾಯಿ ಒಂದು ತೋಳು, ಮಗಳು ಒಂದು ತೋಳು ಹಿಡಿದು ಕರೆದುಕೊಂಡು ಹೋಗಬೇಕು. ಅಷ್ಟು ನೋವಿನಲ್ಲೂ ಅತ್ತೆ ಕಾಂಪೌಂಡಿನ ಹತ್ತಿರ ನಿಂತು ಪಕ್ಕದ ಮನೆಯ ಮೊಟ್ಟೆಯಮ್ಮನನ್ನು ಮಾತಾಡಿಸದೆ ಮುಂದೆ ಹೋಗುತ್ತಿರಲಿಲ್ಲ.

"ಏನೇ, ನಿನ್ನ ಕೆಂಪು ಕೋಳಿ ಇವತ್ತಾದ್ರೂ ಇಟ್ಟಿತಾ?"

"ಎಲ್ಲಿ ಇಡುತ್ತೆ ಅಕ್ಕಾ, ನನ್ನ ಹಾಗೇ ಅದಕ್ಕೂ ವಯಸ್ಸಾಯ್ತು."

"ಅಜ್ಜಿ, ನಡೀರಿ, ನನಗೆ ಟ್ಯೂಷನ್ ಇದೆ" ಎಂದು ಪುಟ್ಟಿ ಗೊಣಗುತ್ತಿದ್ದಳು. ಹದಿನಾರರ ಹುಡುಗಿ, ಗೊಣಗುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಹಿತ್ತಿಲ ಬಾಗಿಲಿರುವ ಸಾಮಾನಿನ ಕೋಣೆಯಲ್ಲಿ ಅರ್ಧ ಭಾಗಕ್ಕೆ ಮರೆ ಕಟ್ಟಿ ಅಲ್ಲೇ ಕಕ್ಕಸು ಮಾಡುವುದೆಂದು ತೀರ್ಮಾನವಾಯಿತು. ನೀರಿಗೆ ತೊಂದರೆಯಿರಲಿಲ್ಲ. ತೊಂದರೆಯೆಲ್ಲ ಹೊರಗೆ ಹೋಗುವ ಕೊಳವೆಯದು. ಮಧ್ಯೆ ಎರಡಡಿ ದಪ್ಪದ ಕಲ್ಲಿನ ಗೋಡೆ ಕೂತಿತ್ತು. ಆ ಗೋಡೆಯನ್ನು ನಲವತ್ತೈದು ವರ್ಷದ ಹಿಂದೆ ಕಟ್ಟಿದವರು ಮಾವನೇ. ಊರಿಗೆಲ್ಲ ಅವರು ಮೇಸ್ತ್ರಿ. ಕೆಲಸ ಬಿಟ್ಟು ಎಂಟು ವರ್ಷವಾಗಿದ್ದರೂ ಮನೆಯೊಳಗೂ ಅದೇ ಹೆಸರು ಉಳಿದಿತ್ತು.

"ಮಿಷನ್ ತರಿಸ್ತೀನಿ. ತೂತು ಕೊರೆಯೋಕೆ ಅರ್ಧ ಗಂಟೆ ಕೆಲಸ" ಎಂದ ಮಗ ಊಟಕ್ಕೆ ಕೂತಾಗ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಲ್ಲದಕ್ಕೂ ಒಂದು ಮಿಷನ್ ಇರಲೇಬೇಕೆಂದು ನಂಬಿದವನು.

ಮೇಸ್ತ್ರಿ ಬೇಳೆಯ ಸಾರನ್ನು ಅನ್ನಕ್ಕೆ ಕಲಸುತ್ತಾ, "ಯಾವ ಗೋಡೆಗೆ?" ಎಂದರು.

"ಇನ್ಯಾವ ಗೋಡೆಗೆ ಅಪ್ಪಾ, ಈ ಗೋಡೆಗೇ."

"ಈ ಗೋಡೆಯ ಹೊಟ್ಟೆಯಲ್ಲಿ ಮಣ್ಣು, ಚೂರುಕಲ್ಲು ತುಂಬಿದೀನಿ ಕಣೋ. ನಿನ್ನ ಮಿಷನ್ ಗಡಗಡ ಅಂದ್ರೆ ಅದೆಲ್ಲ ಕೆಳಗೆ ಕೂರುತ್ತೆ. ಆಮೇಲೆ ಮೇಲಿನ ಕಲ್ಲಿಗೆ ನೀನು ಹೆಗಲು ಕೊಟ್ಟು ನಿಲ್ತೀಯಾ? ನಾನು ಚಾಣ, ಸುತ್ತಿಗೆಯಲ್ಲೇ ಹೊಡೀತೀನಿ. ಒಳಗಿಂದ ಒಂದಡಿ, ಹೊರಗಿಂದ ಒಂದಡಿ. ಮೊದಲು ಮುಷ್ಟಿ ಹೋಗೋ ಅಷ್ಟು, ಎರಡೂ ಸೇರಿದ ಮೇಲೆ ಅಗಲ ಮಾಡೋದು. ಒಂದು ವಾರ."

"ಎಪ್ಪತ್ತಮೂರು ವರ್ಷ ನಿಮಗೆ!"

"ಗೋಡೆಗೆ ನನ್ನ ವಯಸ್ಸು ಗೊತ್ತಿಲ್ಲ, ಬಿಡು."

ಅತ್ತೆ ಮಂಚದಿಂದಲೇ, "ಇಷ್ಟೆಲ್ಲ ಯಾಕೆ? ಇನ್ನೊಂದು ತಿಂಗಳಿಗೆ ನಾನೇ ನಡೀತೀನಿ" ಎಂದರು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೊಸೆಯೂ ಹಾಕಿಕೊಳ್ಳಲಿಲ್ಲ. ಅವಳು ತಟ್ಟೆಗಳನ್ನು ಎತ್ತುತ್ತಿದ್ದಳು, ತಲೆಯಲ್ಲಿ ಮೂವತ್ತು ಅಂಗಿಗಳ ಗುಂಡಿ ಓಡುತ್ತಿತ್ತು.

ಮರುದಿನ ಮೇಸ್ತ್ರಿ ಸೊಸೆಯ ಹತ್ತಿರ ಗಟ್ಟಿಯಾದೊಂದು ಬಿಳಿ ದಾರ ಕೇಳಿ ತೆಗೆದುಕೊಂಡರು. ಹಿತ್ತಿಲ ಬಾಗಿಲಿನ ಚೌಕಟ್ಟು ಒಳಗೂ ಕಾಣುತ್ತದೆ, ಹೊರಗೂ ಕಾಣುತ್ತದೆ. ಅದರ ಅಂಚಿನಿಂದ ತೂತಿನ ನಡುವಿಗೆ ಎಷ್ಟು ದೂರವೋ ಅಲ್ಲಿಗೆ ದಾರದಲ್ಲಿ ಒಂದು ಗಂಟು. ಒಳಗಿನದು ಮುಗಿದ ಮೇಲೆ ಅದೇ ದಾರ ಹಿಡಿದು ಹೊರಗೆ ಹೋದರೆ ಹೊರಗಿನ ಗುರುತೂ ಸಿಗುತ್ತದೆ. ಮಗ ಟೇಪ್ ತಂದುಕೊಟ್ಟ. "ಇದರ ಅಂಕಿ ನೋಡೋಕೆ ಕನ್ನಡಕ ಬೇಕು, ದಾರಕ್ಕೆ ಬೇಡ" ಎಂದು ಮೇಸ್ತ್ರಿ ಟೇಪನ್ನು ಕಿಟಕಿಯಲ್ಲಿಟ್ಟರು.

ಮೊದಲ ಮೂರು ದಿನ ಒಳಗಿನಿಂದ ಕೆಲಸ. ಠಣ್, ಠಣ್, ನಿಧಾನದ ಪೆಟ್ಟು. ಎರಡು ಪೆಟ್ಟಿನ ನಡುವೆ ಊದಿ ನೋಡುವುದು. ಸಾಮಾನಿನ ಕೋಣೆಯ ಡಬ್ಬಿಗಳೆಲ್ಲ ಹಜಾರಕ್ಕೆ ಬಂದವು. ಅನ್ನದ ಮೇಲೂ, ಯೂನಿಫಾರಂ ಮೇಲೂ ಕಲ್ಲಿನ ಪುಡಿ. ಮೂರನೆಯ ಸಂಜೆ ಮೇಸ್ತ್ರಿಯ ಮೊಣಕೈ ಗೋಡೆಯೊಳಗೆ ಹೋಗುತ್ತಿತ್ತು. ಅವರ ಮುಖ ಎಷ್ಟೋ ವರ್ಷದಿಂದ ಅಷ್ಟು ಗೆಲುವಾಗಿರಲಿಲ್ಲ. ದಾರವನ್ನು ಅತ್ತೆಯ ಮಂಚದ ಪಕ್ಕದ ಮೊಳೆಗೆ ನೇತುಹಾಕಿ ಕೈಕಾಲು ತೊಳೆಯಲು ಹೋಗುತ್ತಿದ್ದರು.

ಆಮೇಲೆ ಹೊರಗಿನಿಂದ. ನಾಲ್ಕು ದಿನ ಹೊಡೆದರು. ಒಂದಡಿ ದಾಟಿತು. ಸೇರಲಿಲ್ಲ.

"ಇನ್ನೊಂದು ಸ್ವಲ್ಪ" ಎಂದರು ಐದನೆಯ ದಿನ. ಸೇರಲಿಲ್ಲ. ಪುಟ್ಟಿಯನ್ನು ಒಳಗಿನ ತೂತಿನ ಮುಂದೆ ಟಾರ್ಚ್ ಹಿಡಿಸಿ ಕೂರಿಸಿ ತಾವು ಹೊರಗಿನಿಂದ ಕಣ್ಣಿಟ್ಟರು. ಕತ್ತಲೆ.

"ಅಜ್ಜಾ, ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು!" ಎಂದು ಪುಟ್ಟಿ ನಕ್ಕಳು. ಮೇಸ್ತ್ರಿ ನಗಲಿಲ್ಲ. ದಾರ ತಂದು ಒಳಗೆ ಹಿಡಿದರು. ಗಂಟು ತೂತಿನ ನಡುವಿಗೆ ಬರಲಿಲ್ಲ, ಒಂದು ಗೇಣು ಆಚೆ ನಿಂತಿತು. ಹೊರಗೆ ಹಿಡಿದರು. ಅಲ್ಲಿ ಸರಿಯಾಗಿ ಕೂತಿತು.

"ದಾರ ಸುಳ್ಳು ಹೇಳಲ್ಲ. ಒಳಗೆ ನಾನೇ ತಪ್ಪು ಜಾಗದಲ್ಲಿ ಶುರು ಮಾಡಿದೀನಿ" ಎಂದರು.

"ಹಾಗಾದ್ರೆ ಒಳಗಿಂದಲೇ ಹೊಡೆದುಬಿಡಿ" ಎಂದ ಮಗ.

"ಅಷ್ಟು ಆಳದಲ್ಲಿ ಕೈ ಆಡಲ್ಲ. ಆಡಿದರೂ ಹೊರಮುಖದ ಕಲ್ಲು ಸಿಡಿದು ಬರುತ್ತೆ."

ಆ ಗಂಟು ಬಿಚ್ಚಿ, ದಾರದ ಸವೆದ ತುದಿ ಒಂದಿಷ್ಟು ಕತ್ತರಿಸಿ, ಒಳಗಿನ ತೂತಿನ ಅಳತೆಗೇ ಹೊಸದಾಗಿ ಗಂಟು ಹಾಕಿದರು. ಮೊಳೆಗೆ ತೂಗುಹಾಕಿ, ಊಟ ಮಾಡಿ, ಸ್ವಲ್ಪ ಹೊತ್ತು ಮಲಗಿ ಎದ್ದು ಹೊರಗೆ ಹೋಗಿ ಎರಡನೆಯ ತೂತು ಶುರು ಮಾಡಿದರು. ಇನ್ನೊಂದು ವಾರ ಹೋಯಿತು. ಅದೂ ಸೇರಲಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗನೇ ಮಾತು ತೆಗೆದ.

"ಅಪ್ಪಾ, ಸಾಕು. ನಾಳೆ ಮಿಷನ್ ತರಿಸ್ತೀನಿ."

"ಇನ್ನೊಂದು ಸಲ."

"ಗೋಡೆ ಏನು ಜಾಲರಿ ಸೌಟಾ?" ಮಗನ ದನಿ ಏರಿತು. "ಅಮ್ಮ ದಿನಾ ಬಿದ್ದೂ ಎದ್ದೂ ಆಚೆ ಹೋಗ್ತಿದ್ದಾಳೆ. ನಿಮಗೆ ನಿಮ್ಮ ಹಟವೇ ಹೆಚ್ಚಾಯ್ತು."

"ರೀ, ಮೆಲ್ಲಗೆ" ಎಂದಳು ಸೊಸೆ.

"ಏನು ಮೆಲ್ಲಗೆ? ಅರವತ್ತಕ್ಕೆ ಅರಳು ಮರಳು ಅಂತಾರೆ. ಇವರಿಗೆ ಹದಿಮೂರು ವರ್ಷ ತಡವಾಗಿ ಬಂದಿದೆ, ಅಷ್ಟೆ."

ಹೇಳಿದ ಮೇಲೆ ಅವನೇ ತಟ್ಟೆ ನೋಡುತ್ತಾ ಕೂತ. ಅತ್ತೆ ತುತ್ತನ್ನು ಬಾಯಿಯವರೆಗೆ ಒಯ್ದು ಮತ್ತೆ ತಟ್ಟೆಗೆ ಇಟ್ಟರು. ಮೇಸ್ತ್ರಿ ಮಾತ್ರ ಶಾಂತವಾಗಿ, "ಅದೇ ಇರಬಹುದು ಕಣೋ. ನನಗೂ ಅದೇ ಅನುಮಾನ" ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು ಎಂದು ಸೊಸೆಗೆ ಅನಿಸಿತು.

ಮತ್ತೆ ತುದಿ ಕತ್ತರಿಸಿ ಮೂರನೆಯ ಸಲ ಗಂಟು ಹಾಕಿದ ದಾರವನ್ನು ಅವರು ಮೊಳೆಗೆ ಹಾಕಲಿಲ್ಲ, ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಮೊದಲಿನ ಹಾಗೆ ಹಾಡು ಗುನುಗುತ್ತಾ ಹೊಡೆಯಲಿಲ್ಲ. ಹತ್ತು ಪೆಟ್ಟು ಹೊಡೆದು ಒಳಗೆ ಬಂದು ನೋಡುವುದು, ಹೊರಗೆ ಹೋಗಿ ಅಳೆಯುವುದು, ಮತ್ತೆ ಒಳಗೆ ಬರುವುದು. ಒಂದು ಬೆಳಿಗ್ಗೆ ಸೊಸೆ ಚಹಾ ತಂದಾಗ ಅವರು ಬಾಗಿಲಲ್ಲಿ ನಿಂತು, "ನಾನು ಈಗ ಒಳಗೆ ಹೋಗ್ತಿದ್ದೆನಾ, ಹೊರಗೆ ಬರ್ತಿದ್ದೆನಾ?" ಎಂದು ಕೇಳಿದರು. ತಮಾಷೆಗೆ ಕೇಳಿದರೋ, ನಿಜವಾಗಿ ಕೇಳಿದರೋ ಅವಳಿಗೆ ಗೊತ್ತಾಗಲಿಲ್ಲ.

ಮೂರನೆಯದೂ ಸೇರಲಿಲ್ಲ.

ಮೇಸ್ತ್ರಿ ಚಾಣ, ಸುತ್ತಿಗೆ, ತೂಗುಗುಂಡು ಎಲ್ಲವನ್ನೂ ತೊಳೆದು, ಒರೆಸಿ, ಗೋಣಿಯಲ್ಲಿ ಕಟ್ಟಿ, ತಮ್ಮ ಕೈಕೆಳಗೆ ಕೆಲಸ ಕಲಿತಿದ್ದ ಮೇಸ್ತ್ರಿಯೊಬ್ಬನ ಮನೆಗೆ ಕೊಟ್ಟುಬಂದರು. ಮರುದಿನದಿಂದ ಹಾಲಿಗೆ ಒಬ್ಬರೇ ಹೋಗುವುದನ್ನು ಬಿಟ್ಟರು. "ಪುಟ್ಟಿ, ನೀನೂ ಬಾ. ನಾನೆಲ್ಲಾದರೂ ತಿರುವು ತಪ್ಪಿದರೆ?" ನಲವತ್ತೈದು ವರ್ಷ ನಡೆದ ಬೀದಿ! ಪುಟ್ಟಿ ಅಂದು ಮಾತ್ರ ಗೊಣಗದೆ ಚಪ್ಪಲಿ ಹಾಕಿಕೊಂಡಳು. ಬಂದು ಅಡುಗೆಮನೆಯಲ್ಲಿ ತಾಯಿಯ ಬೆನ್ನಿಗೆ ಮುಖ ಒತ್ತಿ ನಿಂತಳು. "ಅಮ್ಮಾ, ಅಜ್ಜ ಹಾಲಿನ ಅಂಗಡಿಯವನ ಹತ್ತಿರ ಚಿಲ್ಲರೆ ಎರಡು ಸಲ ಎಣಿಸಿಕೊಂಡರು. ಆಮೇಲೆ ನನ್ನ ಕೈಲಿ ಕೊಟ್ಟು ಎಣಿಸು ಅಂದರು. ಲೆಕ್ಕ ಸರಿಯಾಗೇ ಇತ್ತು."

ಅತ್ತೆ ಊಟ ಕಡಿಮೆ ಮಾಡಿದರು. ಕಾಂಪೌಂಡಿನ ಹತ್ತಿರ ಮೊಟ್ಟೆಯಮ್ಮ ಕೂಗಿದರೂ ನಿಲ್ಲಲಿಲ್ಲ. ಸೊಸೆಗೆ ಯಾವುದರ ತಲೆ ಯಾವುದು, ಬುಡ ಯಾವುದು ತಿಳಿಯದಾಯಿತು. ಕಾಲು ಮುರಿದವರು ಒಬ್ಬರು, ಕುಗ್ಗುತ್ತಿರುವವರು ಇನ್ನೊಬ್ಬರು.

ಆ ಭಾನುವಾರ ಮೇಸ್ತ್ರಿಯ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ದಾರ ಸಿಕ್ಕಿತು. ತನ್ನ ಅಂಗಡಿಯದೇ ದಾರ. ಬಿಸಾಡಲು ಮನಸ್ಸಾಗದೆ ಬೆರಳಿಗೆ ಸುತ್ತತೊಡಗಿದಳು. ಗಂಟು ಬಿಚ್ಚಿದ ಜಾಗದಲ್ಲಿ ದಾರ ಸುಕ್ಕಾಗಿಯೇ ಉಳಿಯುತ್ತದೆ, ಎಷ್ಟು ಎಳೆದರೂ ನೆಟ್ಟಗಾಗುವುದಿಲ್ಲ. ಹೊಲಿಗೆಯವಳ ಬೆರಳಿಗೆ ಅದನ್ನು ಹೇಳಿಕೊಡಬೇಕಿಲ್ಲ. ಮೇಸ್ತ್ರಿ ಗಂಟು ಹಾಕಿದ್ದು ಮೂರು ಸಲ. ಕೊನೆಯ ಗಂಟು ಹಾಗೇ ಇದೆ. ಹಾಗಾದರೆ ಸುಕ್ಕು ಎರಡು ಇರಬೇಕು. ಅವಳ ಬೆರಳಿಗೆ ನಾಲ್ಕು ಸಿಕ್ಕಿದವು. ಮತ್ತೆ ಮುಟ್ಟಿ ನೋಡಿದಳು. ನಾಲ್ಕೇ. ಅದರಲ್ಲೆರಡು ದಾರ ಪೂರಾ ಜಜ್ಜಿದಂತಿದ್ದವು, ಹಲ್ಲಿನಿಂದ ಕಚ್ಚಿ ಬಿಚ್ಚಿದ ಹಾಗೆ. ಮೇಸ್ತ್ರಿಗೆ ಮುಂದಿನ ಹಲ್ಲುಗಳೇ ಇರಲಿಲ್ಲ.

ಅವಳಿಗೆ ಮೊಳೆಯ ಪಕ್ಕದ ಮಂಚ ನೆನಪಾಯಿತು.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೊಸೆ ದಾರವನ್ನು ಅತ್ತೆಯ ಮಡಿಲಲ್ಲಿಟ್ಟಳು. ಅತ್ತೆ ಅದನ್ನು ನೋಡಿದರು. ಇಲ್ಲ ಎನ್ನಲಿಲ್ಲ.

"ಎರಡು ಸಲ" ಎಂದರು.

"ಯಾಕತ್ತೆ?"

"ನನ್ನ ಅಕ್ಕನಿಗೆ ಹೀಗೇ ಕಾಲು ಮುರೀತು. ಮಕ್ಕಳು ಪ್ರೀತಿಯಿಂದ ಮಂಚದ ಪಕ್ಕದಲ್ಲೇ ಎಲ್ಲ ಮಾಡಿಕೊಟ್ಟರು. ಮಂಚದಿಂದ ಅಲ್ಲಿಗೆ, ಅಲ್ಲಿಂದ ಮಂಚಕ್ಕೆ. ಆರು ವರ್ಷ ಅವಳು ಬಿಸಿಲು ನೋಡಲಿಲ್ಲ ಕಣೇ. ಹೊಸ್ತಿಲು ದಾಟಿದ್ದು ನಾಲ್ಕು ಜನ ಹೊತ್ತಾಗ. ಮಾಡಬೇಡಿ ಅಂತ ನಾನು ಹೇಳಿದೆ. ಯಾರು ಕೇಳಿದಿರಿ?"

ಸೊಸೆ ಮಂಚದ ಅಂಚಿನಲ್ಲಿ ಕೂತಳು.

"ಒಂದು ತಿಂಗಳು ತಡವಾದರೆ ಸಾಕು, ಅಷ್ಟರಲ್ಲಿ ನಾನೇ ನಡೆದು ತೋರಿಸಿದರೆ ನೀವೇ ಬೇಡ ಅಂತೀರಿ ಅಂದುಕೊಂಡೆ. ಅವರು ನನ್ನ ಮೇಲೆ ರೇಗ್ತಾರೆ, ಇಲ್ಲ ದಾರದ ಮೇಲೆ ರೇಗ್ತಾರೆ ಅಂದುಕೊಂಡೆ. ಆ ಮನುಷ್ಯ ತಮ್ಮ ತಲೆ ಮೇಲೇ ತಪ್ಪು ಹಾಕ್ಕೊಂಡರು." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಅವತ್ತು ಮಗ ಆ ಮಾತು ಆಡಿದ ಮೇಲೆ ನಾನು ಆ ದಾರ ಮುಟ್ಟಿಲ್ಲ. ನಿನ್ನಾಣೆ. ಆದರೂ ಮೂರನೇದು ಯಾಕೆ ತಪ್ಪಿತು? ಅದೇ ನನಗೆ ತಿಳೀತಿಲ್ಲ."

ಸೊಸೆ ದಾರ ತೆಗೆದುಕೊಂಡು ಎದ್ದು ಹಿತ್ತಿಲಿಗೆ ಹೋದಳು. ಗೋಡೆಯಲ್ಲಿ ಮೂರು ತೂತುಗಳು ಅವಳನ್ನೇ ನೋಡುತ್ತಿದ್ದವು. ದಾರದಲ್ಲಿ ಉಳಿದಿದ್ದ ಗಂಟನ್ನು ಒಳಗಿನ ತೂತಿಗೆ ಹಿಡಿದಳು. ಸರಿಯಾಗಿತ್ತು. ಹೊರಗೆ ಮೂರನೆಯ ತೂತಿಗೆ ಹಿಡಿದಳು. ಆರು ಬೆರಳು ತಪ್ಪಿತ್ತು. ಬಾಗಿಲ ಚೌಕಟ್ಟಿನ ಮರವೂ ಆರು ಬೆರಳಗಲ. ಒಳಗೆ ಚೌಕಟ್ಟಿನ ಗೋಡೆಯ ಕಡೆಯ ಅಂಚಿನಿಂದ ಅಳೆದವರು ಹೊರಗೆ ಬಾಗಿಲ ಕಡೆಯ ಅಂಚಿನಿಂದ ಅಳೆದಿದ್ದರು. ಅದು ಯಾರೂ ಮಾಡಿಸಿದ ತಪ್ಪಲ್ಲ. ಎರಡು ಸಲ ಸೋತು ಗಾಬರಿಯಾದವರು ಯಾರಾದರೂ ಮಾಡಬಹುದಾದ ತಪ್ಪೋ, ಅಥವಾ ಆ ಕೈ ಎಂದೂ ಮಾಡಬಾರದ ತಪ್ಪೋ? ಎಷ್ಟು ಹೊತ್ತು ನಿಂತರೂ ಅವಳಿಗೆ ತೀರ್ಮಾನಕ್ಕೆ ಬರಲಾಗಲಿಲ್ಲ. ಒಳಗೆ ಬಂದು ಅತ್ತೆಗೆ ಅಷ್ಟನ್ನೂ ಹೇಳಿದಳು.

ಅಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಅತ್ತೆಯೇ ಬಾಯಿ ತೆರೆದರು.

"ಏನೂಂದ್ರೆ, ದಾರದ ಗಂಟು ಸರಿಸಿದ್ದು ನಾನು."

ಮಗ ನೀರಿನ ಲೋಟ ಕೆಳಗಿಟ್ಟ. ಪುಟ್ಟಿಯ ಬಾಯಿ ತೆರೆದೇ ಉಳಿಯಿತು. ಅತ್ತೆ ಅಕ್ಕನ ಕಥೆಯನ್ನೂ, ತಮ್ಮ ಭಯವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಮೇಸ್ತ್ರಿ ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಕೇಳಿದರು.

"ಮೂರೂ ಸಲ ನೀನೇನಾ?"

ಅತ್ತೆ ಸೊಸೆಯ ಕಡೆ ಒಂದು ಕ್ಷಣ ನೋಡಿದರು. "ಮೂರೂ ಸಲ."

"ಮೂರನೇ ಸಲ ದಾರ ನನ್ನ ಜೇಬಿನಲ್ಲಿತ್ತು."

"ಸ್ನಾನಕ್ಕೆ ಹೋದಾಗ ಅಂಗಿ ಗೂಟದ ಮೇಲೆ ಇತ್ತಲ್ಲ."

ಸೊಸೆ ಸಾರಿನ ಪಾತ್ರೆಯನ್ನು ಹಿಡಿದುಕೊಂಡು ಹಾಗೇ ನಿಂತಳು. ಮೇಸ್ತ್ರಿ ಎದ್ದು ಕೈ ತೊಳೆದು ಹೊರಗೆ ಹೋದರು. ಮಗ ತಾಯಿಯ ಮೇಲೆ ಕೂಗಾಡಿದ. "ಹುಚ್ಚಾ ನಿನಗೆ? ನಾನು ಅವರಿಗೆ ಏನೆಲ್ಲ ಅಂದೆ! ನನ್ನ ಕೈಲಿ ಅನ್ನಿಸಿದೆಯಲ್ಲ!" ಅತ್ತೆ ತಲೆ ತಗ್ಗಿಸಿ ಅಷ್ಟನ್ನೂ ಕೇಳಿದರು.

ಅಂದಿನಿಂದ ಮೇಸ್ತ್ರಿ ಹೆಂಡತಿಯೊಂದಿಗೆ ಮಾತು ಬಿಟ್ಟರು. ನೀರು ಬೇಕಾದರೆ "ಪುಟ್ಟಿ, ನೀರು" ಎನ್ನುವುದು. ಅತ್ತೆ "ಪುಟ್ಟಿ, ಅಜ್ಜನಿಗೆ ಮಜ್ಜಿಗೆ ಬೇಕಾ ಕೇಳು" ಎನ್ನುವುದು. "ನಾನೇನು ಅಂಚೆಯವಳಾ?" ಎಂದು ಪುಟ್ಟಿ ಮತ್ತೆ ಗೊಣಗತೊಡಗಿದಳು. ಆದರೆ ಎರಡನೆಯ ದಿನವೇ ಮೇಸ್ತ್ರಿ ಒಬ್ಬರೇ ಹೋಗಿ ಹಾಲು ತಂದರು. ಐದನೆಯ ದಿನ ಗೋಣಿಯ ಗಂಟನ್ನು ಹೆಗಲ ಮೇಲೆ ಹೊತ್ತು ತಂದರು.

ಈ ಸಲ ಮಗ ರಜೆ ಹಾಕಿ ದಾರದ ಇನ್ನೊಂದು ತುದಿ ಹಿಡಿದ. ಹೊಸ ಗುರುತನ್ನು ತಂದೆ ಮಗ ಇಬ್ಬರೂ ಅಳೆದರು, ಆಮೇಲೆ ಟೇಪಿನಲ್ಲೂ ಅಳೆದರು. ಮೇಸ್ತ್ರಿ ಬೇಡ ಎನ್ನಲಿಲ್ಲ. ಮೂರನೆಯ ದಿನ ಚಾಣದ ಮೊನೆ ಖಾಲಿ ಜಾಗಕ್ಕೆ ನುಗ್ಗಿದ ಶಬ್ದ ಹಜಾರದವರೆಗೂ ಕೇಳಿಸಿತು. ಮಗ ಒಳಗಿನಿಂದ ಕೈ ಹಾಕಿದ, ಮೇಸ್ತ್ರಿ ಹೊರಗಿನಿಂದ ಆ ಬೆರಳುಗಳನ್ನು ಹಿಡಿದು ಎಳೆದರು. "ಅಪ್ಪಾ, ಬಿಡಿ, ಕೈ ಸಿಕ್ಕಿಕೊಳ್ಳುತ್ತೆ!" ಎಂದು ಅವನು ಕೂಗಿದ. ಮೇಸ್ತ್ರಿ ಬಿಡಲಿಲ್ಲ, ನಗುತ್ತಿದ್ದರು. ಮಂಚದ ಮೇಲೆ ಅತ್ತೆಯೂ ನಕ್ಕರು, ಆದರೆ ಯಾರಿಗೂ ಕಾಣದಂತೆ.

ಕೊಳವೆ ಕೂತಿತು, ಕಕ್ಕಸೂ ಆಯಿತು. ಹಗಲು ಮಾತ್ರ ತಾನು ಹಿತ್ತಿಲಿಗೇ ಹೋಗುವುದೆಂದು ಅತ್ತೆ ಷರತ್ತು ಹಾಕಿದರು. ಮೇಸ್ತ್ರಿ ಏನೂ ಹೇಳದೆ ಮೆಟ್ಟಿಲ ಪಕ್ಕಕ್ಕೊಂದು ಕಬ್ಬಿಣದ ಹಿಡಿಕೆ ನೆಟ್ಟರು. ಅವರ ನಡುವೆ ಮಾತು ಶುರುವಾದದ್ದು ಆ ಹಿಡಿಕೆಯಿಂದ. ಎತ್ತರ ಜಾಸ್ತಿಯಾಯಿತು ಎಂದು ಅತ್ತೆ ತೆಗೆದ ತಗಾದೆಗೆ ಮೇಸ್ತ್ರಿ, "ನಿನ್ನೆತ್ತರಕ್ಕೇ ಮಾಡಿದೀನಿ, ನೀನೇ ಕುಳ್ಳಿಯಾಗಿದ್ದೀಯ" ಎಂದರು.

ಒಂದು ಬೆಳಿಗ್ಗೆ ಸೊಸೆ ಬಟ್ಟೆ ಒಣಗಹಾಕುತ್ತಿದ್ದಾಗ ಮೇಸ್ತ್ರಿ ಹಳೆಯ ತೂತುಗಳನ್ನು ಮುಚ್ಚುತ್ತಿದ್ದರು. ಮೊದಲನೆಯದು ಮುಚ್ಚಿಯಾಗಿತ್ತು, ಎರಡನೆಯದೂ ಆಗಿತ್ತು. ಮೂರನೆಯದಕ್ಕೆ ಚೂರುಕಲ್ಲು ತುಂಬುತ್ತಾ, ಅವಳ ಕಡೆ ನೋಡದೆ, "ಅವಳು ಸುಳ್ಳು ಹೇಳಿದಳು ಕಣಮ್ಮ" ಎಂದರು.

ಸೊಸೆಯ ಕೈಯಲ್ಲಿ ಒದ್ದೆ ಬಟ್ಟೆ ಉಳಿಯಿತು.

"ಆ ವಾರ ನಾನು ಸ್ನಾನಕ್ಕೆ ಹೋದಾಗಲೂ ದಾರ ತಗೊಂಡೇ ಹೋಗ್ತಿದ್ದೆ. ಕಿಟಕಿ ಕಟ್ಟೆ ಮೇಲೆ ಕಣ್ಣೆದುರಿಗೆ ಇಟ್ಕೊಂಡಿರ್ತಿದ್ದೆ. ಇದೊಂದು ನನ್ನದೇ." ಅವರು ಗಾರೆಯನ್ನು ಕೈಯಿಂದಲೇ ಒತ್ತಿದರು. "ಯಾಕೆ ಹಾಗಾಯ್ತೋ ಗೊತ್ತಿಲ್ಲ. ಆ ಅಂಚು, ಈ ಅಂಚು ಎರಡೂ ಒಂದೇ ಥರ ಕಂಡವು. ನಿನಗೆ ಗೊತ್ತಿತ್ತಾ?"

ಸೊಸೆ ಆ ಬಟ್ಟೆಯನ್ನೇ ಮತ್ತೆ ಹಿಂಡಿದಳು. ನೀರೆಲ್ಲ ಆಗಲೇ ಹೋಗಿತ್ತು.

"ಇರಲಿ. ನಾನು ಕಂಡುಹಿಡಿದೆ ಅಂತ ಅವಳಿಗೆ ಹೇಳಬೇಡ. ನನಗೋಸ್ಕರ ಹೊತ್ಕೊಂಡಿದ್ದಾಳೆ, ಹೊರಲಿ. ಮುಂದಿನ ವಾರ ಅವಳ ಕಾಲು ತೋರಿಸೋಕೆ ಹೋಗ್ತೀರಲ್ಲ, ನಾನೂ ಬರ್ತೀನಿ. ತಲೆ ತೋರಿಸೋಕೆ ಅಂತ ಅವಳಿಗೆ ಅನ್ನಬೇಡ. ಕಣ್ಣು ತೋರಿಸೋಕೆ ಅನ್ನು."

"ಆಗಲಿ ಮಾವ."

ಒಳಗೆ ಬಂದಾಗ ಅತ್ತೆ ಮಂಚದಂಚಿಗೆ ಕೂತು, ಹಿತ್ತಿಲಿಗೆ ಹೊರಡಲು ಊರುಗೋಲು ಹಿಡಿದಿದ್ದರು. "ಅಷ್ಟು ಹೊತ್ತು ಏನು ಮಾತು ನಿಮ್ಮಿಬ್ಬರದು?"

"ಏನಿಲ್ಲತ್ತೆ. ಮುಂದಿನ ವಾರ ಮಾವನೂ ಆಸ್ಪತ್ರೆಗೆ ಬರ್ತಾರಂತೆ. ಕಣ್ಣು ತೋರಿಸಬೇಕಂತೆ."

ಅತ್ತೆ ಊರುಗೋಲನ್ನು ನೆಲಕ್ಕೆ ಊರಿದರು. ತೆರೆದ ಬಾಗಿಲಾಚೆ ಕರಣೆ ಗೋಡೆಯನ್ನು ಸವರುವ ಸದ್ದು ಕೇಳುತ್ತಿತ್ತು.

"ಹೂಂ, ಕಣ್ಣೇ ಇರಬೇಕು" ಎಂದು ಸೊಸೆಯ ಮುಖ ನೋಡದೆ ತೋಳು ಚಾಚಿದರು. "ಹಿಡ್ಕೋ, ಹೋಗೋಣ."